ಡಬ್ಬಿ ಮೇಲೆ 500, ಒಳಗೆ 465

ಮಗಳ ಮದುವೆ ಮುಗಿಯಿತು. ವಿಡಿಯೊ, ಫೋಟೊ ಎಲ್ಲಾ ಒಂದೇ ಕಡೆ ಇಡಬೇಕು. ಗದಗ-ಬೆಟಗೇರಿಗೆ ಹೋಗಿ ಒಂದು ಹಾರ್ಡ್ ಡಿಸ್ಕ್ ತಂದಿರಿ ಅನ್ನೋಣ. ಡಬ್ಬಿ ಮೇಲೆ 500 ಜಿಬಿ ಎಂದು ಬರೆದಿದೆ. ನೀವೇ ಓದಿದಿರಿ. ಮನೆಗೆ ಬಂದು ಕಂಪ್ಯೂಟರಿಗೆ ಹಚ್ಚಿದರೆ 465 ಎಂದು ತೋರಿಸುತ್ತದೆ. ಉಳಿದ 35 ಎಲ್ಲಿ ಹೋಯಿತು? "ಓದಾಕ ಬರಂಗಿಲ್ಲ ಅಂತ ತಿಳಿದು ಅಂಗಡಿಯಾಂವ ಮೋಸ ಮಾಡಿದ" ಎಂದು ಸಿಟ್ಟು ಬರುತ್ತದೆ. ಜಗಳಕ್ಕೆ ಹೋಗುವ ಮೊದಲು ಸ್ವಲ್ಪ ತಾಳಿರಿ. ಲೆಕ್ಕ ನೋಡೋಣ.

ಬಂಗಾರದ ಲೆಕ್ಕ ನಿಮಗೆ ಗೊತ್ತೇ ಇದೆ. ಈಗ ಅಂಗಡಿಯಲ್ಲಿ ಒಂದು ತೊಲಿ ಅಂದರೆ 10 ಗ್ರಾಂ. ನಮ್ಮ ಅಜ್ಜಿಯರ ಕಾಲದ ತೊಲಿ ಸುಮಾರು 11.66 ಗ್ರಾಂ ಇತ್ತು. ಇಂದು ಲಕ್ಷ್ಮೇಶ್ವರದಲ್ಲಿ 5 ತೊಲಿ ಸರ ಕೊಂಡರೆ 50 ಗ್ರಾಂ ಕೊಡುತ್ತಾರೆ. ಅದನ್ನೇ ಅಜ್ಜಿಯ ತೊಲಿಯಿಂದ ತೂಗಿದರೆ? ಸುಮಾರು ನಾಲ್ಕೂಕಾಲು ತೊಲಿ! ಬಂಗಾರ ಗುಂಜಿಯಷ್ಟೂ ಕಡಿಮೆ ಆಗಿಲ್ಲ. ತೂಕದ ಕಲ್ಲು ಬೇರೆ ಆಯಿತು, ಹೆಸರು ಮಾತ್ರ ಅದೇ ಉಳಿಯಿತು.

ಜಿಬಿಯದೂ ಇದೇ ಕಥೆ. ಬೈಟ್ ಎಂಬುದು ಕಂಪ್ಯೂಟರಿನ ಸಣ್ಣ ಅಳತೆ. ಕನ್ನಡದ 'ಅ' ಅಕ್ಷರ ಇಡಲು 3 ಬೈಟ್ ಬೇಕು. (ಇಂಗ್ಲಿಷಿನ 'ಎ'ಗೆ ಒಂದೇ ಸಾಕು. ನಮ್ಮ ಅಕ್ಷರ ತೂಕದವು!) ಡಿಸ್ಕ್ ಮಾಡುವ ಕಂಪನಿಯವರು ನಮ್ಮ ಹಾಗೆ ಹತ್ತು, ನೂರು, ಸಾವಿರ ಎಂದು ಎಣಿಸುತ್ತಾರೆ. ಅವರ ಒಂದು ಜಿಬಿ ಅಂದರೆ 100 ಕೋಟಿ ಬೈಟ್.

ಕಂಪ್ಯೂಟರಿನ ಎಣಿಕೆ ಬೇರೆ. ಅದರೊಳಗೆ ದೀಪದ ಗುಂಡಿಯ ಹಾಗೆ ಎರಡೇ ಸ್ಥಿತಿ. ಒಂದು ಹತ್ತಿದ್ದು, ಒಂದು ಆರಿದ್ದು. ಹಿಂಗಾಗಿ ಅದು ಇಮ್ಮಡಿ ಮಾಡುತ್ತ ಹೋಗುತ್ತದೆ. ಬಾಯಿ ಬಿಟ್ಟು ಓದಿರಿ: 1, 2, 4, 8, 16, 32, 64, 128, 256, 512, 1024. ಸಾವಿರ ಸಿಗಲೇ ಇಲ್ಲ. ಹತ್ತಿರದ್ದು 1024. ಹಿಂದಿನ ಎಂಜಿನಿಯರುಗಳು ಇದನ್ನೇ ಸಾವಿರದ ಲೆಕ್ಕಕ್ಕೆ ಹಿಡಿದರು. ಬೈಟಿನಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ. ಪ್ರತಿ ಮೆಟ್ಟಿಲಿಗೂ 1024ರಿಂದ ಗುಣಿಸಬೇಕು. ಕೊನೆಗೆ ಕಂಪ್ಯೂಟರಿನ ಜಿಬಿ 107 ಕೋಟಿ ಬೈಟಿಗಿಂತ ತುಸು ದೊಡ್ಡದಾಗುತ್ತದೆ. ದೊಡ್ಡ ಸೇರಿನಿಂದ ಜೋಳ ಅಳೆದರೆ ಎಣಿಕೆ ಕಡಿಮೆ ಬರಲೇಬೇಕಲ್ಲ!

1998ರಲ್ಲಿ ಈ ದೊಡ್ಡ ಜಿಬಿಗೆ 'ಗಿಬಿಬೈಟ್' ಎಂದು ಬೇರೆ ಹೆಸರು ಇಟ್ಟರು. ಆದರೂ ವಿಂಡೋಸ್ ಕಂಪ್ಯೂಟರುಗಳು ಇಂದಿಗೂ ಜಿಬಿ ಎಂದೇ ತೋರಿಸುತ್ತವೆ. ಹೊಸ ಹೆಸರು ಬಳಸಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು ಎಂದು ನಮಗೆ ಅನಿಸುತ್ತದೆ.

ಕಂಪ್ಯೂಟರಿನಲ್ಲಿ 32 ಜಿಬಿ ಕಾರ್ಡು ಸುಮಾರು 29.8 ಎಂದು, 64 ಜಿಬಿಯದು 59.6 ಎಂದು ತೋರಿಸಿದರೆ ಅದು ಮೋಸವಲ್ಲ. ಮೊಬೈಲಿನದು ಇನ್ನೊಂದು ಕಾರಣ. ಫೋನ್ ನಡೆಸುವ ತಂತ್ರಾಂಶವೇ ಅದರೊಳಗೆ ಒಂದಿಷ್ಟು ಜಾಗ ಹಿಡಿದಿರುತ್ತದೆ.

ನಿಜವಾದ ಮೋಸವೂ ಇದೆ. ತೀರಾ ಅಗ್ಗಕ್ಕೆ ಸಿಗುವ ಕೆಲವು ನಕಲಿ ಕಾರ್ಡು 64 ಎಂದು ತೋರಿಸುತ್ತವೆ, ಒಳಗೆ 8 ಮಾತ್ರ ಇರುತ್ತದೆ. 8 ತುಂಬಿದ ಮೇಲೆ ಹಾಕಿದ ಫೋಟೊ ಹಾಳು. ಅಕ್ಕಿಕಾಳಿನ ಫೋಟೊ ಮತ್ತೆ ತೆಗೆಯಲು ಬರುತ್ತದೆಯೆ? ಅದಕ್ಕೆ ಕಾರ್ಡಿಗೆ ಹಾಕಿದ ಫೋಟೊಗಳನ್ನು ಅಲ್ಲಿಂದಲೇ ತೆರೆದು ನೋಡಿರಿ. ಅಲ್ಲಿಯವರೆಗೆ ಮೊಬೈಲಿನಿಂದ ಅಳಿಸಬೇಡಿರಿ. ಬಿಲ್ ಕೇಳಿ ಪಡೆಯಿರಿ. ಅಂಗಡಿಯವರು ಮಾತು ಕೇಳದಿದ್ದರೆ, ಶಿರಹಟ್ಟಿಯಲ್ಲಿರಿ, ಮುಂಡರಗಿಯಲ್ಲಿರಿ, ಮನೆಯಿಂದಲೇ 1915ಕ್ಕೆ ಫೋನ್ ಹಚ್ಚಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು.