ಪಾನೀಯದ ಹೆಸರು ಯಾರದು, ಜೀರಿಗೆ ಯಾರದು?

ಬಿಸಿಲೇರಿತೆಂದರೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಅಂಗಡಿಗಳಲ್ಲಿ ತಂಪು ಪಾನೀಯಗಳ ವ್ಯಾಪಾರ ಚುರುಕಾಗುತ್ತದೆ. ವಿದೇಶಿ ಕೋಲಾಗಳ ಪಕ್ಕದಲ್ಲಿಯೇ ಕನ್ನಡ ನಾಡಿನ ‘ಬಿಂದು ಜೀರಾ’ ಸಹ ತನ್ನದೇ ಆದ ಸ್ಥಾನವನ್ನು ಗಳಿಸಿಕೊಂಡಿದೆ. ಈ ಎರಡು ಪದಗಳ ಹೆಸರಿನಲ್ಲಿ ಸಣ್ಣ ಉದ್ಯಮಿಗಳು ಗಮನಿಸಬೇಕಾದ ವ್ಯವಹಾರ ಪಾಠವೊಂದು ಅಡಗಿದೆ.

ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಈ ಉದ್ದಿಮೆಯನ್ನು ಕಟ್ಟಿದ ಸತ್ಯಶಂಕರ್ ಅವರು ಒಂದು ಕಾಲಕ್ಕೆ ಆಟೋರಿಕ್ಷಾ ಚಾಲಕರಾಗಿದ್ದವರು. 2000ನೆಯ ಇಸವಿಯಲ್ಲಿ ‘ಬಿಂದು’ ಹೆಸರಿನ ಬಾಟಲಿ ನೀರು ಮಾರುಕಟ್ಟೆಗೆ ಬಂದಿತು. 2002ರಲ್ಲಿ ಅದೇ ಹೆಸರಿನಡಿ ಜೀರಿಗೆ ಮಸಾಲೆಯ ಪಾನೀಯವೂ ಹೊರಬಂದಿತು. ನೀರಿನ ಹನಿಗೆ ಒಪ್ಪುವ ಹೆಸರು ಜೀರಿಗೆಗೂ ಒಪ್ಪಿತು. ಏಕೆಂದರೆ ಅದು ಯಾವುದೇ ಪದಾರ್ಥಕ್ಕೆ ಕಟ್ಟುಬಿದ್ದ ಹೆಸರಾಗಿರಲಿಲ್ಲ.

ಪದಾರ್ಥಕ್ಕೆ ಕಟ್ಟುಬಿದ್ದ ಹೆಸರುಗಳ ಕಥೆಯೇ ಬೇರೆ. 1886ರಲ್ಲಿ ಅಟ್ಲಾಂಟಾದ ಔಷಧ ತಯಾರಕ ಜಾನ್ ಪೆಂಬರ್ಟನ್ ಸಿದ್ಧಪಡಿಸಿದ ಪಾನೀಯಕ್ಕೆ ಕೋಕಾ ಎಲೆ ಮತ್ತು ಕೋಲಾ ಬೀಜಗಳಿಂದ ‘ಕೋಕಾ ಕೋಲಾ’ ಎಂದು ಹೆಸರಿಟ್ಟವರು ಅವರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಫ್ರಾಂಕ್ ರಾಬಿನ್ಸನ್. ಮುಂದೆ ಎಲೆಯಲ್ಲಿನ ಕೊಕೇನ್ ಅಂಶವನ್ನು ತೆಗೆದುಹಾಕಲಾಯಿತು. ಅಷ್ಟಕ್ಕೇ ‘ಹೆಸರು ಜನರನ್ನು ವಂಚಿಸುತ್ತದೆ’ ಎಂದು ಎದುರಾಳಿ ಸಂಸ್ಥೆಯೊಂದು ವಾದಿಸಿತು. ಆ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1920ರಲ್ಲಿ ತಳ್ಳಿಹಾಕಿತು. ‘ಪೆಪ್ಸಿ’ ಎಂಬ ಹೆಸರೂ 1898ರಲ್ಲಿ ಅಜೀರ್ಣವನ್ನು ಸೂಚಿಸುವ ‘ಡಿಸ್ಪೆಪ್ಸಿಯಾ’ ಪದದಿಂದ ಬಂದದ್ದು.

ಇಂದಿನ ಭಾರತದಲ್ಲಿ ಇಂತಹ ಹೆಸರುಗಳಿಗೆ ಕಾನೂನು ಅಷ್ಟು ಉದಾರವಾಗಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 9ನೆಯ ಕಲಮಿನ ಪ್ರಕಾರ, ಸರಕಿನ ಬಗೆ, ಗುಣ ಅಥವಾ ಮೂಲಸ್ಥಳವನ್ನಷ್ಟೇ ಸೂಚಿಸುವ ಪದಗಳಿಗೆ ಸಾಮಾನ್ಯವಾಗಿ ನೋಂದಣಿ ದೊರೆಯದು. ಬಳಕೆಯಿಂದ ವಿಶಿಷ್ಟತೆ ಪಡೆದ ಗುರುತುಗಳಿಗೆ ಮಾತ್ರ ವಿನಾಯಿತಿಯಿದೆ. ಆದುದರಿಂದ ‘ಜೀರಾ’ ಎಂಬ ಪದವನ್ನು ಯಾರೂ ತಮ್ಮದೆನ್ನಲಾಗದು. ‘ಗುಬ್ಬಿ ಸೋಡಾ’, ‘ಕುಣಿಗಲ್ ಜೀರಾ’ ಎಂಬ ಹೆಸರುಗಳು ಸ್ಥಳೀಯರಿಗೆ ಆಪ್ತವೆನಿಸಿದರೂ, ನಾಳೆ ಪಕ್ಕದ ಬೀದಿಯವರು ಅದನ್ನೇ ಅಚ್ಚುಹಾಕಿಸಿದರೆ ತಡೆಯುವುದು ಕಷ್ಟ.

ಇಲ್ಲದ ಗುಣವನ್ನು ಹೇಳುವ ಹೆಸರಂತೂ ಇನ್ನೂ ಅಪಾಯಕಾರಿ. ವಾಂತಿಭೇದಿಯ ರೋಗಿಗಳಿಗೆ ನೀಡುವ ದ್ರಾವಣದ ಹೆಸರಾದ ‘ಓಆರ್‌ಎಸ್’ ಪದವನ್ನು ಪಾನೀಯಗಳ ಹೆಸರಿಗೆ ಸೇರಿಸಿಕೊಳ್ಳಲು ಇದ್ದ ಅನುಮತಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಹಿಂಪಡೆಯಿತು. ವರ್ಷಗಳ ಕಾಲ ಜಾಹೀರಾತಿಗೆ ಹಣ ಸುರಿದು ಬೆಳೆಸಿದ ಹೆಸರೂ ಹೀಗೆ ಒಂದೇ ಆದೇಶದಿಂದ ಕೈತಪ್ಪಬಹುದು.

ಇನ್ನು ತೆರಿಗೆಯ ಮಾತು. ಇಲ್ಲಿ ಹೆಸರಿಗಿಂತ ಪದಾರ್ಥವೇ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ, ಸುವಾಸನೆ ಸೇರಿಸದ ಸಾದಾ ಸೋಡಾಕ್ಕೆ ಜಿಎಸ್‌ಟಿ ಶೇ. 5 ಆಗಿದೆ. ಅದಕ್ಕೇ ಸಕ್ಕರೆ ಅಥವಾ ಸುವಾಸನೆ ಬೆರೆಸಿದರೆ ತೆರಿಗೆ ಶೇ. 40ಕ್ಕೆ ಏರುತ್ತದೆ. ಪ್ಯಾಕ್ ಮಾಡಿದ ಎಳನೀರಿಗೆ ಶೇ. 5 ಮಾತ್ರ, ತೆಂಗಿನ ನಾಡಾದ ತುಮಕೂರಿಗೆ ಇದು ಗಮನಾರ್ಹ. ಸಿಹಿ, ಸುವಾಸನೆಯ ಸೋಡಾ ತಯಾರಕರಿಗೆ 2019ರ ಅಕ್ಟೋಬರ್‌ನಿಂದ ರಾಜಿ ತೆರಿಗೆ ಯೋಜನೆಯ ಸೌಲಭ್ಯವೂ ಇಲ್ಲವೆಂಬುದನ್ನು ಮರೆಯಬಾರದು.

ಆದ್ದರಿಂದ ಹೊಸ ಪಾನೀಯ ತಯಾರಿಸಲು ಹೊರಟವರು ಲೇಬಲ್ ಅಚ್ಚುಹಾಕಿಸುವ ಮೊದಲು ಮೂರು ಕೆಲಸ ಮಾಡುವುದು ಒಳಿತು. ಮೊದಲನೆಯದಾಗಿ, ಪದಾರ್ಥವನ್ನೂ ಊರನ್ನೂ ಹೇಳದ ಸ್ವಂತ ಹೆಸರೊಂದನ್ನು ಆರಿಸಿ, ಅದು ಬೇರೆಯವರ ನೋಂದಣಿಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಎರಡನೆಯದಾಗಿ, ಪಾನೀಯಗಳಿಗೆ ಸಲ್ಲುವ 32ನೆಯ ವರ್ಗದಲ್ಲಿ ಅರ್ಜಿ ಸಲ್ಲಿಸುವುದು. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಶುಲ್ಕ ರೂ. 4,500. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಿಕೊಳ್ಳಬಹುದು. ಮೂರನೆಯದಾಗಿ, ಪಾಕವನ್ನು ಅಂತಿಮಗೊಳಿಸುವ ಮುನ್ನವೇ ಅದರ ತೆರಿಗೆ ದರವನ್ನು ಲೆಕ್ಕಹಾಕಿ ಮಾರಾಟ ಬೆಲೆ ನಿಗದಿಪಡಿಸುವುದು.

ಜೀರಿಗೆ ಸಂತೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಗಿರಾಕಿ ಅಂಗಡಿಗೆ ಬಂದು ಕೇಳುವ ಹೆಸರು ಮಾತ್ರ ಉದ್ಯಮಿಯ ಸ್ವಂತ ಆಸ್ತಿ. ಅದನ್ನು ಯಂತ್ರೋಪಕರಣಗಳಷ್ಟೇ ಜೋಪಾನವಾಗಿ ಕಾಪಾಡಿಕೊಳ್ಳಬೇಕು.