ಜೀನಿನ ಕೆಳಗಿನ ನೋವು

ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳ ಮಗ್ಗುಲಿಗೇ ಈ ಲಾಯ. ಬೆಳಗ್ಗೆ ಆರಕ್ಕೆ ಗೇಟು ದಾಟಿದರೆ ಬೇಯುತ್ತಿರುವ ಹುರುಳಿಯ ವಾಸನೆ. ಸಾಲಿನ ಕೊನೆಯ ಕೋಣೆಯಲ್ಲಿ ಕಂದು ಬಣ್ಣದ ಕುದುರೆ ನಿಂತಿತ್ತು. ರೇಸಿನ ದಿನಗಳು ಮುಗಿದ ಮೇಲೆ ಸವಾರಿ ಕಲಿಸಲು ಬಂದದ್ದು. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಚ್ಚಲು ಬರುತ್ತಿತ್ತಂತೆ, ಸವಾರ ಕೂತೊಡನೆ ಬೆನ್ನು ಕುಗ್ಗಿಸುತ್ತಿತ್ತಂತೆ.

“ಹಟ ಅಂದ್ಕೊಂಡ್ವಿ ಸಾರ್. ಏಟೂ ತಿಂತು ಪಾಪ,” ಎಂದ ಕುದುರೆ ನೋಡಿಕೊಳ್ಳುವ ಸೈಸ್, ಅದರ ಜೂಲು ಸವರುತ್ತ. ನನ್ನ ಕರುಳು ಚುರ್ ಎಂದಿತು.

ವೈದ್ಯೆ ಬೆನ್ನುದ್ದಕ್ಕೂ ಬೆರಳೊತ್ತುತ್ತ ಬಂದರು. ಜೀನಿನ ಹಿಂತುದಿ ಕೂರುವ ಜಾಗ ಮುಟ್ಟಿದ್ದೇ ತಡ, ಚರ್ಮ ಅದುರಿತು, ಕಿವಿಗಳು ಹಿಂದಕ್ಕೆ ಮಲಗಿದವು. ಕುದುರೆಯ ಎದೆಭಾಗದಲ್ಲಿ 18 ಕಶೇರುಗಳು, ಸೊಂಟದಲ್ಲಿ ಸಾಮಾನ್ಯವಾಗಿ 6. ಒಂದೊಂದರ ಮೇಲೂ ಮುಳ್ಳಿನಂತೆ ಎದ್ದ ಎಲುಬು. ಸವಾರನ ಭಾರ ಬೀಳುವಲ್ಲಿ, ಹೆಚ್ಚಾಗಿ 13ರಿಂದ 18ನೆಯ ಕಶೇರುಗಳ ನಡುವೆ, ಈ ಮುಳ್ಳುಗಳು ಒಂದಕ್ಕೊಂದು ತಾಗುತ್ತವೆ. ‘ಕಿಸ್ಸಿಂಗ್ ಸ್ಪೈನ್’ ಎಂಬ ಮುದ್ದಾದ ಹೆಸರು ಈ ನೋವಿಗೆ ಒಪ್ಪುವುದಿಲ್ಲ. ಎಕ್ಸ್‌ರೇಯಲ್ಲಿ ಎಲುಬು ತಾಗಿಕೊಂಡಿದ್ದರೂ ನೋವಿಲ್ಲದ ಕುದುರೆಗಳಿವೆ. ಹಾಗಾಗಿ ಚಿತ್ರದಷ್ಟೇ ಬೆರಳಿಗೂ ಬೆಲೆ.

ಈ ಕುದುರೆಗೆ ಎಲುಬುಗಳ ನಡುವೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟಾಗಿದೆ. ನಡುವಿನ ತಂತುಕಟ್ಟನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಉಂಟು, ಕುದುರೆ ನಿಂತಿರುವಾಗಲೇ ಮಾಡಬಹುದು. “ಸದ್ಯಕ್ಕೆ ಬೇಡ,” ಎಂದರು ವೈದ್ಯೆ. “ಇಂಜೆಕ್ಷನ್ ನೋವನ್ನು ಸ್ವಲ್ಪ ಕಾಲ ತಡೆಯುತ್ತೆ. ಅಷ್ಟರೊಳಗೆ ಬೆನ್ನಿಗೆ ಬಲ ತುಂಬಿಸ್ಬೇಕು.”

ಜೀನುಗಳ ಕೋಣೆಯಲ್ಲಿ ಹಳೆಯ ಜೀನನ್ನು ಮಗುಚಿ ತೋರಿಸಿದರು. ಒಳಗಿನ ಉಣ್ಣೆ ಒಂದು ಮಗ್ಗುಲಲ್ಲಿ ಗಂಟುಕಟ್ಟಿತ್ತು. ಆ ಗಂಟು ಒತ್ತಿದ ಕಡೆಯೇ ಕುದುರೆಯ ಮೈಮೇಲೆ ಬಿಳಿ ಕೂದಲಿನ ಮಚ್ಚೆ. ಎಷ್ಟು ದಿನ ಒತ್ತಿರಬೇಕು!

ಮರಳಿನ ಅಂಗಳಕ್ಕೆ ಬಂದೆವು. ಸೈಸ್ ಕ್ಯಾರೆಟ್ಟನ್ನು ಕುದುರೆಯ ಮುಂಗಾಲುಗಳ ನಡುವೆ ಹಿಡಿದ. ತಲೆ ಕೆಳಗಿಳಿಯಿತು, ಬೆನ್ನು ಮೇಲೆದ್ದಿತು. ಐದು ಎಣಿಸಿದ ಮೇಲೆಯೇ ತಿನ್ನಲು ಸಿಕ್ಕಿತು. ಆಮೇಲೆ ಎಡ ಪಕ್ಕೆಯತ್ತ, ಬಲ ಪಕ್ಕೆಯತ್ತ. ಆಟದಂತೆ ಕಂಡರೂ ಇದೇ ಇಲ್ಲಿಯ ಮುಖ್ಯ ಔಷಧಿ. ಮೂರು ತಿಂಗಳು ಹೀಗೆ ಮಾಡಿಸಿದ ಕುದುರೆಗಳಲ್ಲಿ ಕಶೇರುಗಳನ್ನು ಹಿಡಿದಿಡುವ ಒಳಸ್ನಾಯು ದಪ್ಪವಾದುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಹುಲ್ಲನ್ನೂ ಇಲ್ಲಿ ಎತ್ತರಕ್ಕೆ ಕಟ್ಟುವುದಿಲ್ಲ, ನೆಲದಲ್ಲೇ ಹಾಕುತ್ತಾರೆ. ಕುತ್ತಿಗೆ ಬಗ್ಗಿದಾಗ ಅಲ್ಲಿಂದ ಬೆನ್ನಿಗೆ ಹಾಯ್ದ ಗಟ್ಟಿ ತಂತು ಬಿಗಿದು, ಮುಳ್ಳೆಲುಬುಗಳ ಸಂದು ಅಗಲವಾಗುತ್ತದೆ.

ನೀರಿನೊಳಗೆ ನಡೆಸುವ ಟ್ರೆಡ್‌ಮಿಲ್ ಇಲ್ಲಿಲ್ಲ. ನಾಲ್ಕು ಬಿದಿರು ಗಳಗಳಿವೆ. ಕುದುರೆ ತಲೆ ತಗ್ಗಿಸಿ, ಕಾಲೆತ್ತಿ ಒಂದೊಂದನ್ನೇ ದಾಟಿತು. ನಾಲ್ಕನೆಯದಕ್ಕೆ ಗೊರಸು ತಾಗಿತು. ಸೈಸ್ ಗದರದೆ ಗಳ ಸರಿಮಾಡಿ, ಮತ್ತೆ ನಡೆಸಿದ.

ಹೊರಡುವ ಮುನ್ನ ಅವನು ಹೊಟ್ಟೆಪಟ್ಟಿ ಬಿಗಿಯುವ ಜಾಗದ ಮೇಲೆ ಅಂಗೈ ಇಟ್ಟ. ಕುದುರೆ ತಿರುಗಿ ನೋಡಿತು. ಕಚ್ಚಲಿಲ್ಲ.