ಕೃಷ್ಣೆಯ ದಡದಿಂದ ನ್ಯಾಯಪೀಠದವರೆಗೆ

ಹೊಲದ ಬದುವಿಗಾಗಿಯೋ ಪಿತ್ರಾರ್ಜಿತದ ಪಾಲಿಗಾಗಿಯೋ ಕೋರ್ಟಿನ ಮೆಟ್ಟಿಲೇರಿದ ತೆಲಂಗಾಣದ ಗಡಿನಾಡಾದ ಮಕ್ತಲದ ರೈತನೊಬ್ಬನು, ಕೆಳಗಿನ ನ್ಯಾಯಾಲಯಗಳಲ್ಲಿ ಸೋತು, ಮೇಲ್ಮನವಿಯ ಕಾಗದಗಳನ್ನು ಹೈದರಾಬಾದಿಗೆ ಕಳುಹಿಸಿದಾಗ, ತನ್ನ ಮುಖವನ್ನು ಕಾಣದ, ತನ್ನೂರಿನ ಮಣ್ಣನ್ನು ಮೆಟ್ಟದ ಒಬ್ಬರ ವಿವೇಚನೆಗೆ ತನ್ನ ಬದುಕನ್ನೇ ಒಪ್ಪಿಸಿಬಿಡುತ್ತಾನೆ. ಅಪರಿಚಿತರಲ್ಲಿ ಇಷ್ಟೊಂದು ವಿಶ್ವಾಸವನ್ನಿಡಲು ಆಧಾರವೇನು? ಹೈಕೋರ್ಟಿನ ನ್ಯಾಯಮೂರ್ತಿಗಳ ವೃತ್ತಿಜೀವನದ ಕ್ರಮವನ್ನು ಅರಿತವರಿಗೆ ಇದರ ಉತ್ತರ ದೊರೆಯುತ್ತದೆ.

ಮೊದಲು ಈ ಸೀಮೆಯ ಹಿನ್ನೆಲೆಯನ್ನು ನೋಡೋಣ. ನಿಜಾಮರ ಆಳ್ವಿಕೆಯಲ್ಲಿ ಕೃಷ್ಣೆಯ ಉತ್ತರದ ನಾರಾಯಣಪೇಟೆ, ಮಕ್ತಲಗಳಿಗೂ, ಕೃಷ್ಣಾ ತುಂಗಭದ್ರೆಗಳ ನಡುವಣ ಗದ್ವಾಲ, ರಾಯಚೂರುಗಳಿಗೂ ಉಚ್ಚ ನ್ಯಾಯಸ್ಥಾನವು ಒಂದೇ; 1920ರಲ್ಲಿ ಮೂಸಿ ನದಿಯ ತೀರದಲ್ಲಿ ಉದ್ಘಾಟನೆಗೊಂಡ ಭವ್ಯ ಸೌಧವೇ ಅದರ ನೆಲೆ; ಅಲ್ಲಿನ ವ್ಯವಹಾರದ ಭಾಷೆ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದುವು. ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಅಂದಿನಿಂದ ಗದ್ವಾಲದ ಮೇಲ್ಮನವಿಗಳು ಹೈದರಾಬಾದಿಗೂ ರಾಯಚೂರಿನವು ಬೆಂಗಳೂರಿಗೂ ಹೋಗತೊಡಗಿದುವು. ಮುಂದೆ ಕಲಬುರಗಿಯಲ್ಲಿ 2008ರಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ಸ್ಥಾಪನೆಯಾಗಲು ರಾಯಚೂರಿನ ಕಕ್ಷಿಗಾರರ ದಾರಿ ಹತ್ತಿರವಾಯಿತು. ಹೈದರಾಬಾದಿನಲ್ಲಿ 2019ರ ಜನವರಿ 1ರಿಂದ ತೆಲಂಗಾಣಕ್ಕೆ ಪ್ರತ್ಯೇಕ ಹೈಕೋರ್ಟು ನಡೆಯುತ್ತಿದೆ.

ಈ ಸೀಮೆಯ ನೆಲದಿಂದ ಮೇಲೆದ್ದು ಬಂದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಜೀವನವು ನಮಗೆ ಉತ್ತಮ ನಿದರ್ಶನ. ಗದ್ವಾಲವಿನ್ನೂ ರಾಯಚೂರಿನಿಂದ ಅಗಲದಿದ್ದ ಕಾಲದಲ್ಲಿ, 1940ರ ಜನವರಿಯಲ್ಲಿ, ರಾಯಚೂರು ಜಿಲ್ಲೆಯ ಮಲದಕಲ್ ಗ್ರಾಮದಲ್ಲಿ ಜನಿಸಿದ ಅವರು 1962ರಲ್ಲಿ ವಕೀಲರಾಗಿ, ಕಲಬುರಗಿಯಲ್ಲಿ ವಕೀಲಿ ನಡೆಸಿ, 1990ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1994ರಲ್ಲಿ ಮದರಾಸಿಗೆ ವರ್ಗವಾಗಿ, 1999ರಲ್ಲಿ ರಾಜಸ್ಥಾನದ ಮುಖ್ಯ ನ್ಯಾಯಮೂರ್ತಿಗಳಾಗಿ, 2000ದಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿ, 2005ರಲ್ಲಿ ನಿವೃತ್ತರಾದರು. ಕನ್ನಡದ ಹಳ್ಳಿಯೊಂದರ ಮಗ ತಮಿಳರ, ರಾಜಸ್ಥಾನಿಗಳ ವ್ಯಾಜ್ಯಗಳನ್ನು ವಿಚಾರಿಸಬೇಕಾಯಿತು; ಅವರಿಗೂ ಆ ಕಕ್ಷಿಗಾರರಿಗೂ ನಡುವೆ ಬಂಧುತ್ವವಾಗಲಿ ಊರ ಪರಿಚಯವಾಗಲಿ ಇರಲಿಲ್ಲ, ಇದ್ದುದು ಕಾನೂನೊಂದೇ.

ಈ ನಿರ್ಲಿಪ್ತತೆಯನ್ನು ಕೇವಲ ವ್ಯಕ್ತಿಯ ಸದ್ಗುಣಕ್ಕೆ ಬಿಟ್ಟುಬಿಡದೆ, ಸಂವಿಧಾನವು ವೃತ್ತಿಯ ಪ್ರತಿಯೊಂದು ಹಂತದಲ್ಲಿಯೂ ಕಾಪಿಟ್ಟಿದೆ. ಹತ್ತು ವರ್ಷ ನ್ಯಾಯಾಧಿಕಾರಿಯಾಗಿ ದುಡಿದವರು, ಇಲ್ಲವೆ ಹೈಕೋರ್ಟಿನಲ್ಲಿ ಹತ್ತು ವರ್ಷ ವಕೀಲರಾಗಿದ್ದವರು ಹೈಕೋರ್ಟಿನ ನ್ಯಾಯಮೂರ್ತಿಯ ಪದವಿಗೆ ಅರ್ಹರು. ಹೆಸರನ್ನು ಸೂಚಿಸುವ ಕಾರ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳ ಮಂಡಲಿಗೆ, ಅಂದರೆ ಕೊಲೀಜಿಯಮ್ಮಿಗೆ, ಪ್ರಾಧಾನ್ಯವಿದೆ, ನೇಮಿಸುವವರು ರಾಷ್ಟ್ರಪತಿಗಳು. ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಕರ್ತವ್ಯವನ್ನು ನಿರ್ವಹಿಸುವೆನೆಂದು ನೇಮಕಗೊಂಡವರು ರಾಜ್ಯಪಾಲರ ಮುಂದೆ ಪ್ರಮಾಣ ಮಾಡುತ್ತಾರೆ. ಅಧಿಕಾರಾವಧಿ 62 ವರ್ಷ ವಯಸ್ಸಿನವರೆಗೆ. ಅವರ ಸೇವಾ ಸೌಲಭ್ಯಗಳನ್ನು ನೇಮಕದ ಅನಂತರ ಅವರಿಗೆ ನಷ್ಟವಾಗುವಂತೆ ಬದಲಿಸಲಾಗದು. ಸಂಸತ್ತಿನ ಎರಡು ಸದನಗಳೂ ವಿಶೇಷ ಬಹುಮತದಿಂದ ಕೋರಿದ ಹೊರತು ಅವರನ್ನು ಪದಚ್ಯುತಗೊಳಿಸುವಂತಿಲ್ಲ. ಖಾಯಂ ನ್ಯಾಯಮೂರ್ತಿಗಳಾಗಿದ್ದವರು ತಾವು ಕುಳಿತ ಹೈಕೋರ್ಟಿನಲ್ಲಿ ಮತ್ತೆ ವಕೀಲರಾಗಿ ನಿಲ್ಲುವಂತೆಯೂ ಇಲ್ಲ. ಯಾರ ಮುನಿಸಿಗೂ ಅಂಜಬೇಕಾಗಿಲ್ಲದ, ಯಾರ ಕೃಪೆಗೂ ಕಾಯಬೇಕಾಗಿಲ್ಲದ ಒಂದು ಮನಸ್ಸಿನ ರಕ್ಷಣೆಗಾಗಿಯೇ ಈ ಎಲ್ಲ ಕಟ್ಟುಕಟ್ಟಳೆಗಳು.

ಸರಕಾರದ ಆಜ್ಞೆಯು ಅನ್ಯಾಯವೆನಿಸಿದಾಗ ರಿಟ್ ಅರ್ಜಿಯನ್ನು ಆಲಿಸಿ ಅದನ್ನು ತಡೆಯುವುದು, ಕೆಳಗಿನ ನ್ಯಾಯಾಲಯಗಳ ಮೇಲ್ವಿಚಾರಣೆ ನಡೆಸುವುದು ಇವೆಲ್ಲ ಹೈಕೋರ್ಟಿನ ಪೀಠದ ಮಹತ್ತ್ವದ ಅಧಿಕಾರಗಳು. ಆದರೆ ದಿನದಿನದ ದುಡಿಮೆ ಹೆಚ್ಚಾಗಿ ಕಡತಗಳೊಡನೆಯೇ. ಇಲ್ಲಿಯೇ ಗಡಿನಾಡಿನ ಕನ್ನಡಿಗನ ಸಂಕಟವು ಅರಿವಾಗುವುದು. ಕೃಷ್ಣಾ ತೀರದ ಹಳ್ಳಿಯ ಸಾಕ್ಷಿಯೊಬ್ಬನು ಕನ್ನಡದಲ್ಲಿ ಆಡಿದ ಮಾತು ತೆಲುಗಿನಲ್ಲಿ ಬರಹಕ್ಕಿಳಿದು, ಇಂಗ್ಲಿಷಿಗೆ ತಿರುಗಿ, ಹೈಕೋರ್ಟಿನ ಮೇಜನ್ನು ತಲುಪಬಹುದು. ಕ್ರಿಮಿನಲ್ ಪ್ರಕರಣಗಳಲ್ಲಿ, ಸಾಧ್ಯವಿದ್ದಲ್ಲಿ, ಸಾಕ್ಷಿಯ ನುಡಿಯನ್ನು ಅವನ ಭಾಷೆಯಲ್ಲಿಯೇ ಬರೆದುಕೊಂಡು ಜೊತೆಗೆ ಭಾಷಾಂತರವನ್ನಿರಿಸುವುದಕ್ಕೆ ಕಾನೂನು ಅವಕಾಶ ಕೊಟ್ಟಿದೆ. ಗಡಿನಾಡಿನಲ್ಲಿ ಈ ಅವಕಾಶವು ನಿತ್ಯದ ಪದ್ಧತಿಯಾಗಬೇಕೆಂಬುದು ನಮ್ಮ ಆಶಯ.

ನ್ಯಾಯಮೂರ್ತಿಗಳು ಊರನ್ನು, ವಕಾಲತ್ತನ್ನು, ರಾಗದ್ವೇಷಗಳನ್ನು ತೊರೆದು ಬಂದು ಪೀಠದಲ್ಲಿ ಕುಳಿತುಕೊಳ್ಳುವುದು, ತಮ್ಮೆದುರಿಗೆ ಬಾರದ ಆ ರೈತನ ಮಾತನ್ನು ಕೇಳಿಸಿಕೊಳ್ಳುವುದಕ್ಕಾಗಿ. ಆ ಮಾತು ಅವನ ಬಾಯಿಂದ ಹೊರಟ ಹಾಗೆಯೇ ಅವರ ಕಿವಿಯನ್ನು ಮುಟ್ಟಿದರೆ, ಅವರ ತ್ಯಾಗವೂ ಸಾರ್ಥಕ, ಅವನ ನಂಬಿಕೆಯೂ ಸಾರ್ಥಕ.